ಈ ವಾರದ ಇಂಗ್ಲಿಷ್ ಪದ: ಡೆಟ್ (debt)

ಎಲ್ಲರಿಗೂ ನಮಸ್ಕಾರ. ನಿಮ್ಮ ವಾಯ್ಸ್ ಮೆಸೇಜುಗಳನ್ನು ಕೇಳಿದೆ. ತುಂಬಾ ಜನ ‘ಡೆಬ್ಟ್’ ಎಂದಿದ್ದೀರಿ. ಸರಿಯಾದ ಉಚ್ಚಾರ ‘ಡೆಟ್’. ‘ನೆಟ್’, ‘ಲೆಟ್’ ಇದ್ದ ಹಾಗೆ. ಕೊನೆಗೆ ‘ತ್’ ಬಂದರೆ ಸಾವು ಅನ್ನೋ ಅರ್ಥದ ಬೇರೆ ಪದವಾಗುತ್ತದೆ, ಜೋಕೆ.

ಹಾಗಾದರೆ ಮಧ್ಯದ ‘ಬಿ’ ಯಾಕೆ? ನನಗೆ ತುಂಬಾ ಇಷ್ಟವಾದ ಕಥೆ ಇದು. ಈ ಪದ ಹಳೆಯ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ‘ಬಿ’ ಇರಲೇ ಇಲ್ಲ. ಮೂಲ ಲ್ಯಾಟಿನ್ ಪದ ‘ಡೆಬಿಟುಮ್’ನಲ್ಲಿ ಇದೆ ಅಲ್ವಾ, ಅದನ್ನು ನೆನಪಿಸಲು ಪಂಡಿತರು ಮುಂದೆ ಬರವಣಿಗೆಯಲ್ಲಿ ಅದನ್ನು ಸೇರಿಸಿದರು. 16ನೇ ಶತಮಾನದ ಹೊತ್ತಿಗೆ ಈ ಕಾಗುಣಿತ ಬೇರೂರುತ್ತಿತ್ತು. ಜನರ ನಾಲಿಗೆ ಮಾತ್ರ ಬದಲಾಗಲಿಲ್ಲ. ‘ಡೌಟ್’ ಪದದ ‘ಬಿ’ ಕೂಡ ಹೀಗೇ ಬಂದದ್ದು. ಅದನ್ನು ನಾವು ಯಾರೂ ‘ಡೌಬ್ಟ್’ ಅನ್ನುವುದಿಲ್ಲ!

ಆ ಲ್ಯಾಟಿನ್ ಪದದ ಹಿಂದಿರುವ ಕ್ರಿಯಾಪದಕ್ಕೆ ‘ಇನ್ನೊಬ್ಬರದ್ದನ್ನು ಇಟ್ಟುಕೊಂಡಿರುವುದು’ ಎಂಬ ಅರ್ಥವಿತ್ತು. ಡೆಬಿಟ್, ಡ್ಯೂ, ಡ್ಯೂಟಿ ಎಲ್ಲವೂ ಅದೇ ಬಳಗ. ಡ್ಯೂಟಿ ಅಂದರೆ ನಾವು ಸಲ್ಲಿಸಬೇಕಾದದ್ದು.

ಅರ್ಥ ಸುಲಭ: ತೀರಿಸಬೇಕಾದ ಬಾಕಿ. ಲೋನ್ ಅಂದರೆ ಸಾಲವಾಗಿ ಪಡೆದ ಹಣ. ಕಟ್ಟದೆ ಉಳಿದ ಬಿಲ್ಲು ಲೋನ್ ಅಲ್ಲ, ಆದರೆ ಡೆಟ್ ಹೌದು. ‘ಐ ಆಮ್ ಇನ್ ಯುವರ್ ಡೆಟ್’ ಅಂದಾಗ ಹಣದ ಮಾತೇ ಇರಬೇಕಿಲ್ಲ. ಅಲ್ಲಿ ನಮ್ಮ ‘ಋಣ’ ಪದವೇ ಸರಿ. ‘ಸಾಲ’ ಅಂತ ಅನುವಾದಿಸಬೇಡಿ.

ಭಾನುವಾರದೊಳಗೆ ಒಂದೊಂದು ವಾಕ್ಯ ಮಾಡಿ, ಓದಿ ಕಳಿಸಿ. ಬರೆದು ಕಳಿಸಿದರೆ ಸಾಲದು, ಉಚ್ಚಾರ ಕೇಳಬೇಕು.