ಕೇಪ್ ಕಾಡ್ ಬೇಸ್‌ಬಾಲ್ ಟ್ರಿಪ್ ಇನ್ಮೇಲೆ ಬುಧವಾರ

ಎಲ್ರಿಗೂ ನಮಸ್ಕಾರ,

ಬಾಸ್ಟನ್ ಕಡೆಯಿಂದ ನಮ್ಮ ವ್ಯಾನಲ್ಲಿ ಕೇಪ್ ಕಾಡ್ ಲೀಗ್ (ಬೇಸಿಗೇಲಿ ನಡೆಯೋ ಕಾಲೇಜ್ ಹುಡುಗ್ರ ಬೇಸ್‌ಬಾಲ್) ನೋಡೋಕೆ ಬರ್ತಿದ್ದೋರಿಗೆ ಒಂದು ವಿಷ್ಯ ಹೇಳ್ಬೇಕಿತ್ತು. ಈ ಸೀಸನ್ನಿಂದ ಶನಿವಾರದ ಟ್ರಿಪ್ ಇಲ್ಲ, ಬುಧವಾರ ಹೋಗೋಣ. ಕಾರಣ ಸೇತುವೆ. ಕೇಪ್‌ಗೆ ಗಾಡಿ ದಾಟೋಕೆ ಇರೋದೇ ಎರಡು, ಬೌರ್ನ್ ಮತ್ತೆ ಸ್ಯಾಗಮೋರ್, ಎರಡೂ 1935ರವು, ಜುಲೈ ಶನಿವಾರ ಬಂತು ಅಂದ್ರೆ ಬಾಡಿಗೆ ಮನೆ ಖಾಲಿ ಮಾಡೋರು, ಹೊಸದಾಗಿ ಬರೋರು ಎಲ್ಲಾ ಅದೇ ದಿನ ಅದ್ರ ಮೇಲೇ ನಿಂತಿರ್ತಾರೆ, ನಾವು ಗ್ರೌಂಡ್ ಮುಟ್ಟೋ ಹೊತ್ತಿಗೆ ಅರ್ಧ ಆಟ ಮುಗಿದಿರುತ್ತೆ. ವಾರದ ಮಧ್ಯೆ ಹೋದ್ರೆ ಆಟಕ್ಕೇನೂ ಬರ ಇಲ್ಲ. ಜೂನ್ ಮಧ್ಯದಿಂದ ಆಗಸ್ಟ್ ಶುರುವಿನೊಳಗೆ ಹತ್ತು ಟೀಮ್ ತಲಾ 40 ಗೇಮ್ ಆಡ್ಬೇಕು, ಹಾಗಾಗಿ ಹೆಚ್ಚುಕಮ್ಮಿ ದಿನಾ ಆಟ ಇರುತ್ತೆ.

ಆಗಸ್ಟ್ ಟ್ರಿಪ್ಪೂ ತೆಗೆದಿದೀವಿ, ಅದ್ರ ಬದಲು ಜೂನ್ ಕೊನೆಗೆ ಒಂದು. ಆಗಸ್ಟಲ್ಲಿ ನಡೆಯೋ ಪ್ಲೇಆಫ್‌ಗೆ (ಕೊನೇ ಸುತ್ತಿನ ಆಟಗಳು) ಯಾವ ಟೀಮ್, ಯಾವ ಗ್ರೌಂಡ್ ಅಂತ ಕೊನೇವರೆಗೂ ಗೊತ್ತಾಗಲ್ಲ, ಮೊದ್ಲೇ ವ್ಯಾನ್ ಹೇಳೋದು ಹೇಗೆ? ಇನ್ನೊಂದು, 2021ರಿಂದ ಎಂಎಲ್‌ಬಿ ಡ್ರಾಫ್ಟ್ (ದೊಡ್ಡ ಪ್ರೊಫೆಷನಲ್ ಟೀಮ್‌ಗಳು ಹೊಸ ಆಟಗಾರರನ್ನ ಆರಿಸ್ಕೊಳ್ಳೋದು) ಜುಲೈಗೆ ಬಂದ್ಮೇಲೆ ಒಳ್ಳೊಳ್ಳೆ ಹುಡುಗ್ರು ಸೀಸನ್ ಮಧ್ಯದಲ್ಲೇ ಹೊರಟುಬಿಡ್ತಾರೆ. "ಈ ಸಲ ಸ್ಟಾರ್ ಯಾರು" ಅಂತ ನಮ್ಮನ್ನ ಕೇಳ್ಬೇಡಿ, ಈಗ ಯಾಂಕೀಸ್ ಸ್ಟಾರ್ ಆಗಿರೋ ಆರನ್ ಜಡ್ಜ್ 2012ರಲ್ಲಿ ಇದೇ ಲೀಗಿನ ಬ್ರೂಸ್ಟರ್ ಟೀಮ್‌ಗೆ ಆಡೋವಾಗ ಅವನೂ ಒಬ್ಬ ಕಾಲೇಜ್ ಹುಡುಗ ಅಷ್ಟೇ. ಕಾಲೇಜಲ್ಲಿ ಮೆಟಲ್ ಬ್ಯಾಟ್ ಹಿಡಿದೋರು ಇಲ್ಲಿ ಮರದ ಬ್ಯಾಟಲ್ಲಿ ಒದ್ದಾಡೋದು ನೋಡೋದೇ ನಮಗಂತೂ ಮಜಾ, ದೊಡ್ಡ ಟೀಮ್‌ಗಳಿಗೆ ಹುಡುಗ್ರನ್ನ ಹುಡುಕೋ ಸ್ಕೌಟ್‌ಗಳು ಬರೋದೂ ಅದನ್ನ ನೋಡೋಕೇ.

ಕೊಟ್ಯೂಟ್‌ನ ಲೋವೆಲ್ ಪಾರ್ಕಲ್ಲಿ ಲೈಟ್ ಇಲ್ಲ, ಕತ್ತಲಾಗೋದ್ರೊಳಗೆ ಮುಗೀಬೇಕು ಅಂತ ಆಟ ಬೇಗ ಶುರು. ಆ ದಿನ ವ್ಯಾನ್ ಮಧ್ಯಾಹ್ನ ಹನ್ನೆರಡಕ್ಕೇ ಹೊರಡುತ್ತೆ, ಪುಳಿಯೋಗರೆ ಮೊಸರನ್ನ ದಾರೀಲೇ.

ದುಡ್ಡಿನ ವಿಷ್ಯ. ಲೀಗಲ್ಲಿ ಟಿಕೆಟ್ ಇಲ್ಲ, ನೀವು ಕೊಡೋದು ವ್ಯಾನಿಗೆ ಮತ್ತೆ ಊಟಕ್ಕೆ. ಚಾಟಮ್‌ನಲ್ಲಿ ಸಮುದ್ರದ ಕಡೆಯಿಂದ ಮಂಜು ನುಗ್ಗಿ ಆಟ ನಿಂತುಹೋದ್ರೆ ಆ ದುಡ್ಡು ವಾಪಸ್ ಬರಲ್ಲ. ಮಧ್ಯೆ ದೇಣಿಗೆಗೆ ಅಂತ ಟೋಪಿ ಹಿಡ್ಕೊಂಡು ಬಂದ್ರೆ ದಯವಿಟ್ಟು ಏನಾದ್ರೂ ಹಾಕಿ, ಹುಡುಗ್ರಿಗೆ ಸಂಬಳ ಇಲ್ಲ, ಊರವರ ಮನೇಲೇ ಉಳ್ಕೊಂಡು ಆಡ್ತಾರೆ, ನಡೆಸೋರೂ ಹೆಚ್ಚಿನವ್ರು ಪುಕ್ಕಟೆ ದುಡಿಯೋರು.

ಶನಿವಾರ ಅಂತ ಮೊದ್ಲೇ ಅಡ್ವಾನ್ಸ್ ಕೊಟ್ಟೋರು ಬುಧವಾರ ಆಗಲ್ಲ ಅಂದ್ರೆ ಹೇಳಿ, ಪೂರ್ತಿ ವಾಪಸ್ ಕೊಡ್ತೀವಿ. ಬರೋರು ಮಕ್ಕಳ ಸೀಟ್ ಎಷ್ಟು ಬೇಕು ಅನ್ನೋದನ್ನೂ ಸೇರಿಸಿ ಮೆಸೇಜ್ ಹಾಕಿ.