ಟೆಕ್ಸ್ಟ್ ಬಾಕ್ಸ್‌ನಲ್ಲಿ ಕತ್ತರಿಸಿಹೋಗುವ ಒತ್ತಕ್ಷರ

ಮಾನ್ಯ ಸಂಪಾದಕರೇ,

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಡಿಟಿಪಿ ಅಂಗಡಿಗಳಿಗೆ ಬರುವ ಅರ್ಜಿ ನಮೂನೆಗಳ ವರ್ಡ್ ಫೈಲುಗಳಲ್ಲಿ, ಬರಹ ತುಂಬಲು ಪುಟದಲ್ಲಿ ಇಡುವ ಚೌಕಟ್ಟುಗಳಾದ ಟೆಕ್ಸ್ಟ್ ಬಾಕ್ಸ್‌ಗಳದ್ದೇ ಗೋಳು. ಕನ್ನಡಕ್ಕೆ ಹೆಚ್ಚು ಪೆಟ್ಟು ಬೀಳುವುದು ಸಾಲಿನ ಅಂತರದಿಂದ. ಲೈನ್ ಸ್ಪೇಸಿಂಗ್‌ನಲ್ಲಿ ‘ಎಕ್ಸಾಕ್ಟ್ಲಿ’ ಆಯ್ದು, 14 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಅಂತರವನ್ನೇ ಕೊಟ್ಟರೆ ‘ರಾಷ್ಟ್ರ’ ಎಂಬಲ್ಲಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಅಲ್ಲಿ ‘ಸಿಂಗಲ್’ ಇಲ್ಲವೇ ‘ಅಟ್ ಲೀಸ್ಟ್’ ಇರಲಿ. ಬಾಕ್ಸಿನ ಎತ್ತರ ಸಾಲದಿದ್ದರೆ ಕೊನೆಯ ಸಾಲುಗಳು ಕಾಣುವುದಿಲ್ಲ. ಅವು ಅಳಿದಿರುವುದಿಲ್ಲ, ಗಾಬರಿ ಬೇಡ. ಫಾರ್ಮ್ಯಾಟ್ ಶೇಪ್‌ನಲ್ಲಿ ‘ರೀಸೈಜ್ ಶೇಪ್ ಟು ಫಿಟ್ ಟೆಕ್ಸ್ಟ್’ಗೆ ಗುರುತು ಹಾಕಿದರೆ ಬಾಕ್ಸ್ ತಾನೇ ಹಿಗ್ಗುತ್ತದೆ.

ತೇಲುವ ಬಾಕ್ಸ್, ಎಂದರೆ ಸಾಲಿನೊಳಗೆ ಸೇರದೆ ಪುಟದ ಮೇಲೆ ಬಿಡಿಯಾಗಿ ಕೂತದ್ದು, ಯಾವುದೋ ಒಂದು ಪ್ಯಾರಾಕ್ಕೆ ಆಂಕರ್ (ಲಂಗರು ಹಾಕಿ ಕಟ್ಟಿದಂತೆ) ಆಗಿರುತ್ತದೆ. ಆ ಪ್ಯಾರಾ ಪೂರ್ತಿ ಅಳಿಸಿದರೆ ಬಾಕ್ಸೂ ಹೋಯಿತು. ಆದ್ದರಿಂದ ಮೊದಲು ಬಾಕ್ಸ್ ಮೇಲೆ ಕ್ಲಿಕ್ಕಿಸಿ, ಲಂಗರಿನ ಚಿಹ್ನೆಯನ್ನು ಬೇರೆ ಪ್ಯಾರಾದ ಪಕ್ಕಕ್ಕೆ ಎಳೆಯಬೇಕು.

ನಮ್ಮ ಅಭಿಪ್ರಾಯದಲ್ಲಿ ಹೆಸರು, ವಿಳಾಸ ತುಂಬುವ ನಮೂನೆಗೆ ಟೆಕ್ಸ್ಟ್ ಬಾಕ್ಸೇ ಬೇಡ. ಟೇಬಲ್‌ನಲ್ಲಿ ಮಾಡಿದರೆ ಬರೆದಷ್ಟೂ ಕೋಣೆ ಬೆಳೆಯುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ. ಜಿಲ್ಲೆಯ ಕಚೇರಿಗಳು ನಮೂನೆಗಳನ್ನು ಹಾಗೆಯೇ ಸಿದ್ಧಪಡಿಸಿ, ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಕ್ಷರದಲ್ಲಿ, ಜೊತೆಗೊಂದು ಪಿಡಿಎಫ್ ಪ್ರತಿ ಸಹಿತ ಕೊಡಬೇಕೆಂದು ಕೋರುತ್ತೇವೆ.

– ಡಿಟಿಪಿ ಕೆಲಸಗಾರರು, ಕಲಬುರಗಿ