ಅಪ್ಪನ ಮಾತ್ರೆಗಳು ಮುಗಿದವು

ಅಪ್ಪ ನಿನ್ನೆ ರಾತ್ರಿ ಮೂರು ತಿಂಗಳ ಚಿಕಿತ್ಸೆಯ ಕೊನೆಯ ಮಾತ್ರೆ ನುಂಗಿದರು. ಜ್ವರ ಹೇಗೆ ಹಿಡಿಯಿತು, ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಯಾವ ಸ್ಥಿತಿಯಲ್ಲಿ ಕರೆತಂದೆವು ಎಂಬುದೆಲ್ಲ ನಿಮಗೆ ಗೊತ್ತಿರುವುದರಿಂದ ಮತ್ತೆ ಬರೆಯುವುದಿಲ್ಲ. ನಿಮಗೆ ಗೊತ್ತಿಲ್ಲದಿರುವುದು ಆಸ್ಪತ್ರೆಯ ಆ ಮೊದಲ ರಾತ್ರಿ ಪಾಳಿಯಲ್ಲಿದ್ದ ಕಿರಿಯ ವೈದ್ಯೆಯ ಕೆಲಸ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಅಪ್ಪನ ರಕ್ತದೊತ್ತಡ ಇಳಿಯುತ್ತಲೇ ಇತ್ತು. ಆಂಟಿಬಯೋಟಿಕ್ ಟ್ರೇಯಲ್ಲಿ ಸಿದ್ಧವಿದ್ದರೂ, ಅವರು ಮೊದಲು ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ಗುರುತಿಸುವ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಯಲು ಕುಳಿತರು. ಎಡತೋಳಿನ ನರ ಹುಡುಕಿ, ಚರ್ಮವನ್ನು ಉಜ್ಜಿ ಒರೆಸಿ, ಹಚ್ಚಿದ ದ್ರಾವಣ ಒಣಗುವವರೆಗೆ ಕಾದು, ಆ ಜಾಗವನ್ನು ಮತ್ತೆ ಬೆರಳಿನಿಂದ ಮುಟ್ಟದೆ ಸೂಜಿ ಚುಚ್ಚಿದರು. ಬಾಟಲಿಗಳ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸಿ, ಒಂದೊಂದಕ್ಕೂ 10 ಮಿ.ಲೀ.ನಷ್ಟು ರಕ್ತ ತುಂಬಿದರು. ಬಲತೋಳಿನಿಂದಲೂ ಹಾಗೆಯೇ ತೆಗೆದರು. "ಮೊದಲು ಔಷಧಿ ಕೊಡಬಾರದೇ ಡಾಕ್ಟ್ರೇ?" ಎಂದು ಅಮ್ಮ ಕೇಳಿದಾಗ ಅವರು ತಾಳ್ಮೆಯಿಂದ ಹೇಳಿದರು: "ಔಷಧಿ ಒಂದು ಗಂಟೆಯೊಳಗೆ ಹೋಗಲೇಬೇಕು, ಹೋಗುತ್ತದೆ ಅಮ್ಮಾ. ಅದು ಹೋದ ಮೇಲೆ ರಕ್ತ ತೆಗೆದರೆ ರೋಗಾಣು ಬೆಳೆಯದೇ ಹೋಗಬಹುದು. ಒಂದೇ ತೋಳಿನದಾದರೆ, ಬೆಳೆದದ್ದು ರಕ್ತದ್ದೋ ಚರ್ಮದ್ದೋ ಎಂಬ ಅನುಮಾನ ಉಳಿಯುತ್ತದೆ." ಕೆಲವೇ ನಿಮಿಷಗಳಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಹರಿಯತೊಡಗಿತ್ತು. ಮಳೆಗಾಲವಾದ್ದರಿಂದ ಇಲಿಜ್ವರದ ಶಂಕೆಯೂ ಇತ್ತು. ಅದರ ರೋಗಾಣು ಈ ಬಾಟಲಿಗಳಲ್ಲಿ ಬೆಳೆಯುವುದಿಲ್ಲವೆಂದು ಬೇರೆ ಪರೀಕ್ಷೆಗೆ ಕಳಿಸಿ, ಅದಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಕೂಡ ಆರಂಭಿಸಿದರು.

ನಡುರಾತ್ರಿ ಕಳೆದ ಮೇಲೆ ಅಪ್ಪನಿಗೆ ಭ್ರಮೆ ಕವಿಯಿತು. ತೋಟದ ಕೊಳೆರೋಗಕ್ಕೆ ಔಷಧಿ ಹೊಡೆಸಿದೆಯಾ ಎಂದು ನನ್ನನ್ನು ಅಣ್ಣನ ಹೆಸರಿನಿಂದ ಕರೆದು ಕೇಳಿದರು. ನಾನು ಗೋಡೆಯ ಕಡೆ ತಿರುಗಿ ಅತ್ತೆ. ಬದುಕುತ್ತಾರೆಯೇ ಎಂದು ಕೇಳಲು ನಾಲಿಗೆ ಏಳಲಿಲ್ಲ. ಆ ವೈದ್ಯೆ ಸುಳ್ಳು ಧೈರ್ಯ ಹೇಳಲಿಲ್ಲ. ಮೂತ್ರದ ಅಳತೆ ನೋಡುತ್ತ, ಒತ್ತಡ ಏರಿಸುವ ಔಷಧಿಯನ್ನು ಹೆಚ್ಚುಕಡಿಮೆ ಮಾಡುತ್ತ, ಬೆಳಗಿನವರೆಗೆ ಮಂಚದ ಪಕ್ಕವೇ ಇದ್ದರು.

ಎರಡೂ ತೋಳಿನ ಬಾಟಲಿಗಳಲ್ಲಿ ಬೆಳೆದದ್ದು ಮಣ್ಣು ಮತ್ತು ನೀರಿನಲ್ಲಿರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲೈ ಎಂಬ ಬ್ಯಾಕ್ಟೀರಿಯ, ಅದು ತರುವ ರೋಗ ಮೆಲಿಯಾಯ್ಡೋಸಿಸ್. ಸಕ್ಕರೆ ಕಾಯಿಲೆಯುಳ್ಳ ಕೃಷಿಕರಲ್ಲಿ ಇದರ ಅಪಾಯ ಹೆಚ್ಚು. ಮೊದಲ ರಾತ್ರಿಯ ಸೆಫ್ಟ್ರಿಯಾಕ್ಸೋನ್ ಇದಕ್ಕೆ ಸಾಲುವ ಔಷಧಿಯಲ್ಲ. ಈ ಬ್ಯಾಕ್ಟೀರಿಯವನ್ನು ಸ್ಯೂಡೋಮೋನಾಸ್ ಎಂಬ ಬೇರೆ ಬ್ಯಾಕ್ಟೀರಿಯವೆಂದು ತಪ್ಪಾಗಿ ಗುರುತಿಸುವುದೂ ಉಂಟು. ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್‌ಗೆ ಅದು ಜಗ್ಗದ್ದನ್ನು ಕಂಡು ಅಲ್ಲಿಗೇ ಬಿಡದೆ ಮುಂದುವರಿದ ಪ್ರಯೋಗಾಲಯದವರಿಗೆ ನಮಸ್ಕಾರ. ಹೆಸರು ಸಿಕ್ಕ ಮೇಲೆಯೇ ಸೆಫ್ಟಜಿಡೀಮ್‌ಗೆ ಬದಲಾಯಿಸಿದ್ದು, ಆಮೇಲೆ ಮೂರು ತಿಂಗಳ ಕೋಟ್ರೈಮಾಕ್ಸಜೋಲ್ ಮಾತ್ರೆ. ಆಂಟಿಬಯೋಟಿಕ್‌ಗೆ ಮೊದಲು ತೆಗೆದ ರಕ್ತದಲ್ಲಿ ನೂರಕ್ಕೆ ಸುಮಾರು 31 ರೋಗಿಗಳಲ್ಲಿ ಬ್ಯಾಕ್ಟೀರಿಯ ಬೆಳೆದಿದ್ದರೆ, ಔಷಧಿ ಕೊಟ್ಟ ಎರಡು ಗಂಟೆಯೊಳಗೆ ಅದೇ ರೋಗಿಗಳಿಂದ ತೆಗೆದ ರಕ್ತದಲ್ಲಿ ಅದು ಸುಮಾರು 19ಕ್ಕೆ ಇಳಿದಿತ್ತೆಂಬ 2019ರ ಅಧ್ಯಯನವನ್ನು ಆಮೇಲೆ ಓದಿದೆ. ಆ ವ್ಯತ್ಯಾಸದೊಳಗೆ ನಮ್ಮ ಅಪ್ಪನೂ ಇರಬಹುದಿತ್ತು.

ಸುರಿಯುವ ಮಳೆಯಲ್ಲಿ ಜೀಪು ಓಡಿಸಿದ ನೆರೆಮನೆಯವರು, ವಾರ್ಡಿನ ಸಿಸ್ಟರ್‌ಗಳು, ಊಟ ತಂದ ಚಿಕ್ಕಮ್ಮ, ತೋಟಕ್ಕೆ ಔಷಧಿ ಹೊಡೆಸಿ ಮುಗಿಸಿದ ಅಣ್ಣ, ನಿಮ್ಮೆಲ್ಲರ ಋಣ ನಮ್ಮ ಮೇಲಿದೆ. ಸಕ್ಕರೆಯನ್ನು ಹಿಡಿತದಲ್ಲಿಟ್ಟು, ಗಮ್‌ಬೂಟು ಹಾಕಿಯೇ ತೋಟಕ್ಕೆ ಇಳಿಯುವಂತೆ ಆ ವೈದ್ಯೆ ಅಪ್ಪನಿಂದ ಮಾತು ತೆಗೆದುಕೊಂಡಿದ್ದಾರೆ. ಬೂಟು ತಂದಾಗಿದೆ.